ಕಿಟಕಿ ಗಾಜು ಒಡೆದರೆ: ಬಿಗಿಯಾಗಿ ಕೂರಿಸಿದಷ್ಟೂ ಮತ್ತೆ ಸೀಳುವ ಭೀತಿ

ಆಷಾಢದ ಗಾಳಿ ಬೀಸತೊಡಗಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಮನೆಗಳಲ್ಲಿ ಕಿಟಕಿಯ ಕದಗಳು ಪಟಪಟನೆ ಬಡಿದುಕೊಳ್ಳುವುದು ವಾಡಿಕೆ. ಕೊಂಡಿ ಹಾಕದೆ ಬಿಟ್ಟ ಒಂದು ಕದ ಚೌಕಟ್ಟಿಗೆ ಅಪ್ಪಳಿಸಿದರೆ ಗಾಜು ಒಡೆಯಲು ಅಷ್ಟೇ ಸಾಕು. ಮಕ್ಕಳ ಕ್ರಿಕೆಟ್ ಚೆಂಡು, ಮಂಗಗಳ ಚೇಷ್ಟೆ, ಹೆದ್ದಾರಿ ಬದಿಯ ಮನೆಗಳಾದರೆ ಲಾರಿಯ ಚಕ್ರದಿಂದ ಸಿಡಿದ ಕಲ್ಲು, ಹೀಗೆ ಕಾರಣಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಸರಿಪಡಿಸುವವರಿಗೆ. ಚಿತ್ರದುರ್ಗ-ಹೊಸಪೇಟೆ ಹೆದ್ದಾರಿಯಲ್ಲಿರುವ ಕಾನಹೊಸಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ, ಒಂದೇ ಒಂದು ಗಾಜು ಕೂರಿಸಲೆಂದು ಕೆಲಸಗಾರರನ್ನು ಕರೆಸುವುದು ಸುಲಭವಲ್ಲ. ಪರಿಣಾಮವಾಗಿ ಒಡೆದ ಜಾಗಕ್ಕೆ ರಟ್ಟನ್ನೋ ಗೊಬ್ಬರದ ಚೀಲವನ್ನೋ ಸಿಕ್ಕಿಸಿ ತಿಂಗಳುಗಟ್ಟಲೆ ದೂಡುವ ಮನೆಗಳೇ ಹೆಚ್ಚು.

ವಾಸ್ತವವಾಗಿ ಮರದ ಕದದ ಗಾಜನ್ನು ಬದಲಿಸುವುದು ಮನೆಯವರೇ ಅರ್ಧ ದಿನದಲ್ಲಿ ಮುಗಿಸಬಹುದಾದ ಕೆಲಸ. ಆದರೆ ಇದರಲ್ಲಿ ಎರಡು ಅಪಾಯಗಳಿವೆ. ಒಂದು, ಚೂರುಗಳು ಮಾಡುವ ಗಾಯ. ಇನ್ನೊಂದು, ಗಾಜು ಅಲುಗಾಡದಂತೆ ಬಿಗಿಯಾಗಿ ಕೂತಿರಬೇಕೆಂಬ ತಪ್ಪು ತಿಳಿವಳಿಕೆ. ಹೊಸದಾಗಿ ಹಾಕಿಸಿದ ಗಾಜು ವರ್ಷ ತುಂಬುವ ಮೊದಲೇ, ಯಾರೂ ಮುಟ್ಟದಿದ್ದರೂ ಮೂಲೆಯಿಂದ ಸೀಳಿತೆಂದು ದೂರುವವರು ಬಹಳ. ಅಂಥ ಸೀಳಿಗೆ ಬಹುತೇಕ ಈ ತಿಳಿವಳಿಕೆಯೇ ಮೂಲ.

ಮೊದಲ ಕೆಲಸ ಚೂರು ಆರಿಸುವುದು

ಗಾಜು ಒಡೆದ ಕೋಣೆಗೆ ಮಕ್ಕಳು, ಸಾಕುಪ್ರಾಣಿಗಳು ಬರದಂತೆ ನೋಡಿಕೊಂಡು, ಕಾಲಿಗೆ ಚಪ್ಪಲಿಗಿಂತ ಬೂಟು ಧರಿಸಿ ಕೆಲಸ ಆರಂಭಿಸಬೇಕು. ದೊಡ್ಡ ಚೂರುಗಳನ್ನು ದಪ್ಪ ಕೈಗವಸು ಅಥವಾ ಮಡಿಸಿದ ಗೋಣಿತಟ್ಟು ಹಿಡಿದು ಎತ್ತಬಹುದು. ಸಣ್ಣ ಚೂರಿಗೆ ಪೊರಕೆ ಸಾಲದು. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದು ಬೆಳಕು ಬಿಟ್ಟರೆ ಕಣ್ಣಿಗೆ ಬೀಳದ ಕಣಗಳೂ ಮಿನುಗುತ್ತವೆ. ನಾದಿದ ಗೋಧಿ ಹಿಟ್ಟಿನ ಮುದ್ದೆಯನ್ನು ನೆಲದ ಮೇಲೆ ಒತ್ತಿ ಒತ್ತಿ ತೆಗೆದರೆ ಅವು ಹಿಟ್ಟಿಗೆ ಅಂಟಿಕೊಳ್ಳುತ್ತವೆ. ಬಳಿಕ ಆ ಹಿಟ್ಟನ್ನು ದನಕರುಗಳಿಗಾಗಲಿ, ಕೋಳಿಗಾಗಲಿ ಸಿಗದಂತೆ ಕಟ್ಟಿಡಬೇಕು.

ಇನ್ನು ಆರಿಸಿದ ಚೂರನ್ನು ಎಲ್ಲಿ ಹಾಕುವುದು? ಹಳ್ಳಿಗಳಲ್ಲಿ ಇದಕ್ಕೆ ಸಾಮಾನ್ಯ ಉತ್ತರ ತಿಪ್ಪೆ. ಈ ಲೇಖನದಿಂದ ಓದುಗರು ಒಂದೇ ಒಂದು ಮಾತನ್ನು ನೆನಪಿಡುವುದಾದರೆ, ತಿಪ್ಪೆಗೆ ಗಾಜು ಹಾಕಬಾರದೆಂಬುದನ್ನೇ ನೆನಪಿಡಲಿ. ತಿಪ್ಪೆಯ ಗೊಬ್ಬರ ಬೇಸಿಗೆಯಲ್ಲಿ ಹೊಲ ಸೇರುತ್ತದೆ. ಗಾಜು ಕೊಳೆಯುವುದಿಲ್ಲ, ಸವೆಯುವುದೂ ಇಲ್ಲ. ಶೇಂಗಾ ಬೆಳೆಯುವ ಈ ಭಾಗದಲ್ಲಿ ಬರಿಗಾಲಲ್ಲಿ ಕಳೆ ತೆಗೆಯುವವರು, ಬರಿಗೈಯಿಂದ ಗಿಡ ಕಿತ್ತು ಮಣ್ಣಿನಿಂದ ಕಾಯಿ ಆರಿಸುವವರು ಹೆಚ್ಚಾಗಿ ಕೂಲಿ ಹೆಣ್ಣುಮಕ್ಕಳು. ಒಂದು ಮನೆಯ ಕಿಟಕಿಯ ಚೂರು ಯಾವುದೋ ವರ್ಷ ಅವರ ಬೆರಳಿಗೆ ತಗಲುತ್ತದೆ. ಚೂರುಗಳನ್ನು ಹಳೆಯ ಡಬ್ಬಿಯಲ್ಲೋ ದಪ್ಪ ರಟ್ಟಿನ ಪೆಟ್ಟಿಗೆಯಲ್ಲೋ ತುಂಬಿ, ಬಾಯಿ ಬಿಗಿದು, ಮೇಲೆ ‘ಒಡೆದ ಗಾಜು’ ಎಂದು ಬರೆದು, ಗ್ರಾಮ ಪಂಚಾಯಿತಿಯ ಕಸದ ವಾಹನದವರಿಗೆ ಹೇಳಿಯೇ ಕೈಗೆ ಕೊಡಬೇಕು.

ಗಾಯವಾದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು. ಆಳವಾಗಿ ನಾಟಿದ ಚೂರನ್ನು ಮನೆಯಲ್ಲಿ ಕೀಳಲು ಹೋಗದೆ, ಅದರ ಸುತ್ತ ಬಟ್ಟೆ ಕಟ್ಟಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕ್ಷೇಮ. ರಕ್ತ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಧನುರ್ವಾಯು ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರಲ್ಲಿ ವಿಚಾರಿಸಲು ಮರೆಯಬಾರದು.

ಕದ ಬಿಚ್ಚಿಟ್ಟು ಕೆಲಸ ಮಾಡಿ

ನಮ್ಮ ಕಿಟಕಿಗಳಿಗೆ ಕಬ್ಬಿಣದ ಸರಳುಗಳಿರುವುದರಿಂದ ಒಳಗೆ ನಿಂತು ಗಾಜಿನ ಕೆಲಸ ಮಾಡುವುದು ಕಷ್ಟ. ಏಣಿ ಹತ್ತಿ ಹೊರಗಿನಿಂದ ಮಾಡುವುದು ಅಪಾಯ. ಕೀಲಿನ ತಿರುಪುಗಳನ್ನು ಬಿಚ್ಚಿ ಕದವನ್ನೇ ಕೆಳಗಿಳಿಸಿ, ಮಂಚದ ಮೇಲೆ ಕಂಬಳಿ ಹಾಸಿ ಅದರ ಮೇಲೆ ಮಲಗಿಸಿಕೊಳ್ಳುವುದೇ ಜಾಣತನ. ಬಿಚ್ಚುವ ಮೊದಲು ಉಳಿದ ಗಾಜಿನ ಮೇಲೆ ಅಂಟುಪಟ್ಟಿಯನ್ನು ಅಡ್ಡಡ್ಡವಾಗಿ ಅಂಟಿಸಿದರೆ ಚೂರು ಉದುರುವುದಿಲ್ಲ.

ಗಾಜನ್ನು ಹಿಡಿದಿಡುವ ವಿಧಾನ ಎರಡು. ಒಂದು, ಸಣ್ಣ ಮೊಳೆ ಹೊಡೆದು ಕೂರಿಸಿದ ಮರದ ಬೀಡಿಂಗ್ ಪಟ್ಟಿ. ಇನ್ನೊಂದು, ಅಂಚಿಗೆ ಓರೆಯಾಗಿ ಮೆತ್ತಿದ ಪುಟ್ಟಿ. ಬೀಡಿಂಗ್ ಪಟ್ಟಿಯನ್ನು ಮೂಲೆಯಿಂದ ಎಬ್ಬಿಸಿದರೆ ಮುರಿಯುತ್ತದೆ. ಅತಿ ಉದ್ದದ ಪಟ್ಟಿಯ ನಟ್ಟನಡುವೆ ತೆಳುವಾದ ಉಳಿ ಸೇರಿಸಿ ಬಿಲ್ಲಿನಂತೆ ಬಾಗಿಸಿದರೆ ತುದಿಗಳು ತಾವಾಗಿಯೇ ಬಿಡುತ್ತವೆ. ನಾಲ್ಕೂ ಪಟ್ಟಿಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟರೆ ಮರಳಿ ಕೂರಿಸುವಾಗ ಗೊಂದಲವಾಗದು. ಹಳೆಯ ಪುಟ್ಟಿಯಾದರೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಸಣ್ಣ ಸಣ್ಣ ಏಟಿನಿಂದ ಬಿಡಿಸಬೇಕೇ ಹೊರತು ಜೋರಾಗಿ ಹೊಡೆದರೆ ಕದದ ಮರವೇ ಸಿಬಿರೇಳುತ್ತದೆ.

ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಕೆರೆದು ಧೂಳೆಬ್ಬಿಸುವುದು ಸಲ್ಲದು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದ್ದು, ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾರಕ. ನೀರು ಚಿಮುಕಿಸಿ ತೇವ ಮಾಡಿಕೊಂಡೇ ಕೆರೆಯಬೇಕು.

ಅಳತೆಯಲ್ಲಿ ಒಂದು ನೂಲು

ಗಾಜು ಕೂರುವ ಕಚ್ಚನ್ನು ಸ್ವಚ್ಛಗೊಳಿಸಿದ ನಂತರವಷ್ಟೇ ಅಳತೆ ತೆಗೆಯಬೇಕು. ಮರ ಕಾಲಕ್ರಮೇಣ ಸೊಟ್ಟಗಾಗುವುದರಿಂದ ಉದ್ದವನ್ನೂ ಅಗಲವನ್ನೂ ತಲಾ ಮೂರು ಕಡೆ ಅಳೆದು, ಅತಿ ಕಡಿಮೆ ಬಂದದ್ದನ್ನು ಹಿಡಿಯಬೇಕು. ಆ ಅಳತೆಯಲ್ಲೂ ಉದ್ದಕ್ಕೆ ಒಂದು ನೂಲು, ಅಗಲಕ್ಕೆ ಒಂದು ನೂಲು ಕಡಿಮೆ ಮಾಡಿ ಗಾಜು ಕೊಯ್ಯಿಸಬೇಕು. ಬಡಗಿಗಳ ಲೆಕ್ಕದಲ್ಲಿ ಅಂಗುಲಕ್ಕೆ ಎಂಟು ನೂಲು. ಒಂದು ನೂಲೆಂದರೆ 3 ಮಿಲಿಮೀಟರ್‌ಗೆ ತುಸು ಹೆಚ್ಚು. ಅಂದರೆ ಪ್ರತಿ ಬದಿಯಲ್ಲೂ ಒಂದೂವರೆ ಮಿಲಿಮೀಟರ್‌ನಷ್ಟು ಖಾಲಿ ಉಳಿಯುತ್ತದೆ. ದೊಡ್ಡ ಗಾಜಿಗೆ ಇನ್ನೂ ಸ್ವಲ್ಪ ಹೆಚ್ಚು ಬಿಡುವುದು ಒಳಿತು.

ಈ ಖಾಲಿ ಜಾಗವೇ ಗಾಜಿನ ಆಯುಷ್ಯ. ಬಿಸಿಲಿಗೆ ಎಲ್ಲ ವಸ್ತುಗಳೂ ಹಿಗ್ಗುತ್ತವೆಯಾದರೂ ಸಮನಾಗಿ ಹಿಗ್ಗುವುದಿಲ್ಲ. ಎರಡು ಅಡಿ ಉದ್ದದ ಗಾಜು 30 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಹಿಗ್ಗುವುದು ಮಿಲಿಮೀಟರಿನ ಆರನೇ ಒಂದು ಭಾಗದಷ್ಟು; ಅದೇ ಉದ್ದದ ಅಲ್ಯುಮಿನಿಯಂ ಅದರ ಎರಡೂವರೆ ಪಟ್ಟು. ಮರವಾದರೋ ಬಿಸಿಲಿಗಿಂತ ತೇವಕ್ಕೆ ಹೆಚ್ಚು ಸ್ಪಂದಿಸುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಒಣಗುವಾಗ ತಿರುಚಿಕೊಳ್ಳುವುದು ಅದರ ಗುಣ. ಗಾಜು ಬಾಗಲಾರದು. ಅದರ ಅಂಚಿನಲ್ಲಿ ಕೊಯ್ಯುವಾಗ ಉಂಟಾದ ಅತಿಸೂಕ್ಷ್ಮ ಬಿರುಕುಗಳಿರುತ್ತವೆ. ಮರ ಅಲ್ಲಿ ಒತ್ತಿತೆಂದರೆ ಸೀಳು ಅಲ್ಲಿಂದಲೇ ಹೊರಡುತ್ತದೆ. ಚೆಂಡು ತಗಲಿ ಒಡೆದ ಗಾಜಿನಲ್ಲಿ ಬಿರುಕುಗಳು ಪೆಟ್ಟು ಬಿದ್ದ ಬಿಂದುವಿನಿಂದ ಸುತ್ತಲೂ ಹರಡಿರುತ್ತವೆ. ಹಾಗಲ್ಲದೆ ಅಂಚಿನಿಂದಲೋ ಮೂಲೆಯಿಂದಲೋ ಒಂದೇ ಗೆರೆ ಹೊರಟಿದ್ದರೆ ದೋಷ ಚೌಕಟ್ಟಿನಲ್ಲಿದೆಯೆಂದು ಶಂಕಿಸಬೇಕು. ಕಚ್ಚಿನೊಳಗೆ ಉಳಿದ ಹಳೆಯ ಮೊಳೆಯ ತಲೆಯೊಂದು ಸಾಕು, ಹೊಸ ಗಾಜಿಗೂ ಅದೇ ಗತಿ ತರಲು.

ಖರೀದಿ, ಸಾಗಣೆ

ಎರಡು ಅಡಿ ಅಗಲದೊಳಗಿನ ಸಾಮಾನ್ಯ ಕದಕ್ಕೆ 4 ಮಿಲಿಮೀಟರ್ ದಪ್ಪದ ಗಾಜು ಸಾಕಾಗುತ್ತದೆ. ಅದಕ್ಕಿಂತ ದೊಡ್ಡದಾದರೆ 5 ಮಿಲಿಮೀಟರ್ ಕೇಳಬೇಕು. 4 ಮಿಲಿಮೀಟರ್ ಗಾಜು ಚದರಡಿಗೆ ಸುಮಾರು 930 ಗ್ರಾಂ ತೂಗುತ್ತದೆ. ಹೊಸ ಗಾಜಿನಲ್ಲಿ ಹೊರಗಿನ ಮರ ನೆಟ್ಟಗೆ ಕಂಡು, ಪಕ್ಕದ ಹಳೆಯ ಗಾಜಿನಲ್ಲಿ ಅಲೆಅಲೆಯಾಗಿ ಕಂಡರೆ ಅಚ್ಚರಿಪಡಬೇಕಾಗಿಲ್ಲ. ಹಳೆಯದು ಕರಗಿದ ಗಾಜನ್ನು ಹಾಳೆಯಂತೆ ಎಳೆದು ತಯಾರಿಸಿದ್ದು. ಈಗಿನದು ಕರಗಿದ ತವರದ ಮೇಲೆ ತೇಲಿಸಿ ಮಾಡಿದ್ದು. ಬ್ರಿಟನ್ನಿನ ಪಿಲ್ಕಿಂಗ್ಟನ್ ಸಂಸ್ಥೆ 1959ರಲ್ಲಿ ಪ್ರಕಟಿಸಿದ ಈ ವಿಧಾನ ಭಾರತದಲ್ಲಿ ನೆಲೆಯೂರಿದ್ದು 1990ರ ದಶಕದಲ್ಲಿ. ಚೆನ್ನೈ ಬಳಿಯ ಶ್ರೀಪೆರಂಬದೂರಿನ ಸೇಂಟ್ ಗೋಬೇನ್ ಕಾರ್ಖಾನೆ ಆರಂಭವಾದದ್ದು 2000ದಲ್ಲಿ.

ಅಂಗಡಿಯಲ್ಲೇ ಅಳತೆಗೆ ಕೊಯ್ಯಿಸಿ, ಅಂಚನ್ನು ಸಾಣೆಕಲ್ಲಿನಿಂದ ತುಸು ಉಜ್ಜಿಸಿಕೊಂಡು ತರುವುದು ಸೂಕ್ತ. ಮನೆಯಲ್ಲಿ ಕೊಯ್ಯುವ ಸಾಹಸ ಬೇಡ. ಕೂಡ್ಲಿಗಿಯಿಂದಲೋ ಹೊಸಪೇಟೆಯಿಂದಲೋ ತರುವಾಗ ಗಾಜನ್ನು ಮಲಗಿಸಿ ಒಯ್ದರೆ ದಾರಿಯ ಕುಲುಕಾಟಕ್ಕೆ ನಡುವೆ ಜೋಲಿ ಮುರಿಯುತ್ತದೆ. ಎರಡು ರಟ್ಟುಗಳ ನಡುವೆ ಕಟ್ಟಿ, ಅಂಚಿನ ಮೇಲೆ ನಿಲ್ಲಿಸಿಯೇ ತರಬೇಕು. ಬೈಕಿನಲ್ಲಿ ಹಿಂದೆ ಕೂತವರು ತೊಡೆಯ ಮೇಲಿಟ್ಟುಕೊಂಡು ಬರುವುದನ್ನು ನಿತ್ಯ ಕಾಣುತ್ತೇವೆ. ಬ್ರೇಕ್ ಹಾಕಿದ ಕ್ಷಣ ಅದು ಕತ್ತಿಯಾಗುತ್ತದೆ.

ಪುಟ್ಟಿಯ ಗುಟ್ಟು

ಬಣ್ಣದ ಅಂಗಡಿಯಲ್ಲಿ ‘ಪುಟ್ಟಿ’ ಎಂದಷ್ಟೇ ಕೇಳಿದರೆ ಗೋಡೆಗೆ ಹಚ್ಚುವ ಬಿಳಿ ಸಿಮೆಂಟ್ ಪುಟ್ಟಿಯ ಚೀಲ ಕೈಗೆ ಬರುತ್ತದೆ. ಅದು ಗಾಜಿಗೆ ಸಲ್ಲದು. ಗಟ್ಟಿಯಾದ ಮೇಲೆ ಅದು ಎಳ್ಳಷ್ಟೂ ಮಣಿಯದೆ ಗಾಜನ್ನು ಕಚ್ಚಿ ಹಿಡಿಯುತ್ತದೆ. ಕಿಟಕಿ ಚೌಕಟ್ಟಿನ ಪುಟ್ಟಿಗೆಂದೇ ಭಾರತೀಯ ಮಾನಕ ಬ್ಯೂರೊದ ಐಎಸ್ 419 ಎಂಬ ಪ್ರತ್ಯೇಕ ಮಾನಕವಿದೆ. ಅದು ಸಿಗದಿದ್ದರೆ ನುಣುಪಾದ ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಬೆರೆಸಿ ಮನೆಯಲ್ಲೇ ನಾದಿಕೊಳ್ಳಬಹುದು. ಒಂದು ಕಿಲೋ ಪುಡಿಗೆ 180ರಿಂದ 200 ಗ್ರಾಂ ಎಣ್ಣೆ ಬೇಕಾದೀತು. ರೊಟ್ಟಿಯ ಹಿಟ್ಟಿನ ಹದಕ್ಕೆ ಬಂದು ಕೈಗೆ ಅಂಟದಂತಾದರೆ ಸಿದ್ಧವಾಯಿತೆಂದು ತಿಳಿಯಬೇಕು. ಮನೆಯಲ್ಲಿ ಧಾರಾಳವಾಗಿರುವ ಶೇಂಗಾ ಎಣ್ಣೆಯನ್ನೇ ಏಕೆ ಬಳಸಬಾರದೆಂಬ ಪ್ರಶ್ನೆ ಸಹಜ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಶೇಂಗಾ ಎಣ್ಣೆ ಎಂದಿಗೂ ಹಾಗೆ ಒಣಗದು. ಆದರೆ ಇದೇ ಗುಣದಿಂದ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಹರಡಿ ಬಯಲಲ್ಲಿ ಒಣಗಿಸಬೇಕು.

ಬರಿಯ ಮರ ಪುಟ್ಟಿಯ ಎಣ್ಣೆಯನ್ನೆಲ್ಲ ಹೀರಿಬಿಡುವುದರಿಂದ ಕಚ್ಚಿಗೆ ಮೊದಲು ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು. ನಂತರ ಕಚ್ಚಿನುದ್ದಕ್ಕೂ ತೆಳುವಾಗಿ ಪುಟ್ಟಿ ಹಾಸಿ, ಗಾಜನ್ನಿಟ್ಟು, ನಡುವನ್ನು ಬಿಟ್ಟು ಅಂಚುಗಳನ್ನಷ್ಟೇ ಮೃದುವಾಗಿ ಒತ್ತಬೇಕು. ಗಾಜಿನ ತೂಕ ಮರದ ಮೇಲೆ ನೇರವಾಗಿ ಬೀಳದಂತೆ ಕೀಲಿನ ಬದಿಯ ಕೆಳಮೂಲೆಯಲ್ಲಿ ಒಂದು ಹಾಗೂ ಅದಕ್ಕೆ ಎದುರಿನ ಮೇಲ್ಮೂಲೆಯಲ್ಲಿ ಒಂದು ಸೈಕಲ್ ಟ್ಯೂಬಿನ ತುಂಡನ್ನು ಸೇರಿಸುವುದುಂಟು. ಇದರಿಂದ ಕದವೂ ಜೋತುಬೀಳುವುದಿಲ್ಲ. ಬೀಡಿಂಗ್ ಇದ್ದಲ್ಲಿ ಪಟ್ಟಿಗಳನ್ನು ಮರಳಿ ಕೂರಿಸಿ ಸಣ್ಣ ಮೊಳೆ ಹೊಡೆಯಬೇಕು. ಸುತ್ತಿಗೆ ಜಾರಿದರೂ ಗಾಜಿಗೆ ತಗಲದಂತೆ ಗಾಜಿನ ಮೇಲೆ ರಟ್ಟಿನ ತುಂಡಿಟ್ಟುಕೊಳ್ಳಬೇಕು. ಬೀಡಿಂಗ್ ಇಲ್ಲದಿದ್ದರೆ ಗೇಣಿಗೊಂದರಂತೆ ತಲೆಯಿಲ್ಲದ ಸಣ್ಣ ಮೊಳೆ ಹೊಡೆದು, ಹೊರಬದಿಗೆ ಪುಟ್ಟಿಯನ್ನು ಮಳೆನೀರು ಜಾರುವಂತೆ ಓರೆಯಾಗಿ ಎಳೆಯಬೇಕು. ವಾರ ಹತ್ತು ದಿನದಲ್ಲಿ ಮೇಲೆ ಪೊರೆ ಕಟ್ಟಿದ ಬಳಿಕ, ಗಾಜಿನ ಮೇಲೆ ಕೂದಲೆಳೆಯಷ್ಟು ಹಾಯುವಂತೆ ಬಣ್ಣ ಬಳಿದರೆ ಸಂದಿಗೆ ನೀರು ಇಳಿಯದು.

ಅಲ್ಯುಮಿನಿಯಂ ಜಾರುಕಿಟಕಿಗಳಲ್ಲಿ ಈ ರಗಳೆಯಿಲ್ಲ. ಕದವನ್ನು ಮೇಲಕ್ಕೆತ್ತಿ ಒಳಗೆ ಸೆಳೆದು, ಮೂಲೆಯ ತಿರುಪು ಬಿಚ್ಚಿ, ಗಾಜಿನ ಸುತ್ತಲಿನ ರಬ್ಬರನ್ನು ಹೊಸ ಗಾಜಿಗೆ ತೊಡಿಸಿದರಾಯಿತು. ಒಣಗಿ ಬಿರುಕು ಬಿಟ್ಟ ರಬ್ಬರನ್ನು ಮಾತ್ರ ಮತ್ತೆ ಬಳಸಬಾರದು.

ಸಾದಾ ಗಾಜು ಸಲ್ಲದ ಜಾಗ

ಮಣ್ಣಿನ ಮಾಳಿಗೆ ಮನೆಗಳ ಬೆಳಕಿಂಡಿಗೆ ಮುಚ್ಚುವ ಗಾಜು ಕಿಟಕಿಯದ್ದಲ್ಲವಾದರೂ ಇಲ್ಲಿ ಹೇಳಲೇಬೇಕು. ಅಲ್ಲಿಗೆ 4 ಮಿಲಿಮೀಟರ್‌ನ ಸಾದಾ ಗಾಜಿನ ತುಂಡನ್ನು ಇಡುವವರಿದ್ದಾರೆ. ಅದು ಒಡೆದರೆ ಕತ್ತಿಯಂಥ ಚೂರುಗಳು ಕೆಳಗೆ ಮಲಗಿದವರ ಮೇಲೆ ಬೀಳುತ್ತವೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಒಡೆದರೂ ಪದರಕ್ಕೇ ಅಂಟಿಕೊಂಡಿರುವುದರಿಂದ ತಲೆಯ ಮೇಲಿನ ಜಾಗಕ್ಕೆ ಅದೇ ಯೋಗ್ಯ. ಬಾಗಿಲಿಗೆ ಹಾಗೂ ಮಕ್ಕಳು ಓಡಾಡುವ ಕಡೆ ನೆಲಮಟ್ಟಕ್ಕೆ ತಗ್ಗಿನಲ್ಲಿರುವ ಕಿಟಕಿಗಳಿಗೆ ಟಫನ್ಡ್ ಗಾಜು ಹಾಕಿಸಬಹುದು. ಸಾದಾ ಗಾಜಿಗಿಂತ ಸುಮಾರು ನಾಲ್ಕು ಪಟ್ಟು ಬಲವಾದ ಇದು ಒಡೆದಾಗ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ತಯಾರಾದ ನಂತರ ಇದನ್ನು ಕೊಯ್ಯಲಾಗದು. ಆದ್ದರಿಂದ ಅಂಗಡಿಗೆ ಕೊಡುವ ಅಳತೆಯಲ್ಲಿ ಆ ಒಂದು ನೂಲನ್ನು ಮೊದಲೇ ಕಳೆದಿರಬೇಕು.

ಕದವನ್ನು ಮರಳಿ ಕೀಲಿಗೆ ಸೇರಿಸುವಾಗ ಗಾಳಿಕೊಂಡಿಯನ್ನೂ ಪರೀಕ್ಷಿಸಿ. ಸವೆದಿದ್ದರೆ ಅಂದೇ ಬದಲಿಸಿ. ಅದರ ಬೆಲೆ ಗಾಜಿನ ಬೆಲೆಯ ಮುಂದೆ ಏನೇನೂ ಅಲ್ಲ.