ಬಿಡಲಾರದವರ ಬೇಗುದಿ

ಸಂಜೆಯ ಹೊತ್ತು ನಮ್ಮಲ್ಲಿಗೆ ಬಂದು ಹೋಗುವ ಹಿರಿಯರೊಬ್ಬರಿದ್ದಾರೆ. ಮೂಲತಃ ವಂಗನಾಡಿನವರು. ಬ್ಯಾಂಕಿನ ಉದ್ಯೋಗದ ನಿಮಿತ್ತ ಕರ್ನಾಟಕಕ್ಕೆ ವರ್ಗವಾಗಿ ಬಂದವರು ನಿವೃತ್ತಿಯ ತರುವಾಯ ಇಲ್ಲಿಯೇ ನೆಲೆ ನಿಂತಿದ್ದಾರೆ. ಕನ್ನಡವನ್ನು ಸರಾಗವಾಗಿ ಆಡುತ್ತಾರೆ; ಸ್ವಭಾವತಃ ಸೌಮ್ಯರು. ಆದರೆ ಚಳಿಗಾಲ ಬಂತೆಂದರೆ ಅವರ ಮುಖ ಬಾಡುತ್ತಿತ್ತು. ಆರೋಗ್ಯದ ತೊಂದರೆಯಿರಬಹುದೆಂದು ಭಾವಿಸಿ ನಾವು ಒಮ್ಮೆ ವಿಚಾರಿಸಿದೆವು. ಅವರು ನಿಟ್ಟುಸಿರಿಟ್ಟು ಹೇಳಿದ್ದು ಇಷ್ಟೇ: "ಫಾದರ್, ನಿನ್ನೆ ಮತ್ತೆ ಸೋತೆವು."

ಸೋತದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್ ಕಾಲ್ಚೆಂಡು ತಂಡ. ಆಡಿದ ಹನ್ನೊಂದು ಮಂದಿಯಲ್ಲಿ ಕೆಲವರು ಪರದೇಶದವರು, ಉಳಿದವರು ದೇಶದ ನಾನಾ ಮೂಲೆಗಳವರು. ಮರುವರ್ಷ ಅವರಲ್ಲಿ ಎಷ್ಟು ಮಂದಿ ಬೇರೊಂದು ತಂಡದ ಅಂಗಿ ತೊಡುವರೋ ಹೇಳಲಾಗದು. ಈ ಹಿರಿಯರಾದರೋ ನೂರಾರು ಹರದಾರಿ ದೂರದಲ್ಲಿ, ಕಾಲಿಗೆ ಶಾಲು ಹೊದ್ದು ದೂರದರ್ಶನದ ಮುಂದೆ ಕುಳಿತಿದ್ದವರು. ಚೆಂಡನ್ನು ಮುಟ್ಟದವರಿಗೆ ಸೋಲು ಹೇಗೆ ತಟ್ಟಿತು? 'ಸೋತರು' ಎನ್ನಬೇಕಾದಲ್ಲಿ 'ಸೋತೆವು' ಎಂದೇಕೆ ಬಂತು? ತತ್ತ್ವಶಾಸ್ತ್ರವನ್ನು ಓದಿದ ದೋಷವೋ ಏನೋ, ಇಂತಹ ಸಣ್ಣ ಮಾತುಗಳು ನಮ್ಮನ್ನು ಬಹಳ ಹೊತ್ತು ಕಾಡುತ್ತವೆ.

ನಮ್ಮ ಭಾಷೆ ಆಟದ ಬೆಂಬಲಿಗನನ್ನು 'ಅಭಿಮಾನಿ' ಎಂದು ಕರೆಯುತ್ತದೆ. ಅಭಿಮಾನವೆಂದರೆ ಪ್ರೀತಿಯೂ ಹೌದು, ಮಾನವೂ ಹೌದು. ಪ್ರೀತಿಸಿದ್ದು ಸೋತಾಗ ದುಃಖವಾಗುತ್ತದೆ. ಆದರೆ ಮಾನವನ್ನು ಇಟ್ಟದ್ದು ಸೋತಾಗ ಆಗುವುದು ಅಭಿಮಾನಭಂಗ. ಈಸ್ಟ್ ಬೆಂಗಾಲಿನ ಕಥೆಯಲ್ಲಿ ಈ ಎರಡನೆಯ ಅರ್ಥವೇ ಮೊದಲು ಬರುತ್ತದೆ.

ಆ ಸಂಸ್ಥೆ ಹುಟ್ಟಿದ್ದೇ ಒಂದು ಅವಮಾನದಿಂದ. 1920ರ ಜುಲೈ ತಿಂಗಳಲ್ಲಿ ಮೋಹನ್ ಬಾಗಾನ್ ತಂಡದ ವಿರುದ್ಧದ ಪಂದ್ಯವೊಂದಕ್ಕೆ ಜೋಡಾಬಾಗಾನ್ ಎಂಬ ತಂಡ ತನ್ನ ಆಟಗಾರ ಶೈಲೇಶ್ ಬೋಸ್ ಅವರನ್ನು ಕೈಬಿಟ್ಟಿತು. ಪೂರ್ವವಂಗದವರೆಂಬ ಕಾರಣಕ್ಕೇ ಹೀಗಾಯಿತೆಂದು ಬಗೆದು ಅದರ ಉಪಾಧ್ಯಕ್ಷ ಸುರೇಶಚಂದ್ರ ಚೌಧುರಿಯವರು ಹೊರನಡೆದರು. ಕೆಲವೇ ದಿನಗಳಲ್ಲಿ, ಆಗಸ್ಟ್ 1ರಂದು, ಸಮಾನಮನಸ್ಕರ ಜೊತೆಗೂಡಿ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಕಟ್ಟಿದರು. ಇಪ್ಪತ್ತೇಳು ವರ್ಷಗಳ ಅನಂತರ ದೇಶವಿಭಜನೆಯಾಯಿತು. ಮನೆ, ಗದ್ದೆ, ಹೊಳೆಯ ದಂಡೆ ಎಲ್ಲವನ್ನೂ ಗಡಿಯಾಚೆ ಬಿಟ್ಟು ಕೋಲ್ಕತ್ತಕ್ಕೆ ಬಂದಿಳಿದ ಲಕ್ಷಾಂತರ ನಿರಾಶ್ರಿತರಿಗೆ, ತಮ್ಮ ಕಳೆದುಹೋದ ಊರಿನ ಹೆಸರು ಉಳಿದಿದ್ದ ಜಾಗಗಳಲ್ಲಿ ಈ ತಂಡವೂ ಒಂದಾಯಿತು. ನಮ್ಮ ಹಿರಿಯರ ತಂದೆ ಬಾರಿಸಾಲದಿಂದ ಬಂದವರು. ತಗಡಿನ ಮಾಡಿನ ಕೆಳಗೆ ಏಳು ಜನರ ಸಂಸಾರ. ವಾರವೆಲ್ಲ ಯಾರ್ಯಾರಿಂದಲೋ 'ಬಾಂಗಾಲ್' ಎಂದು ಹಂಗಿಸಿಕೊಂಡವರು ಶನಿವಾರ ಮೈದಾನದಲ್ಲಿ ಕೆಂಪು-ಹೊಂಬಣ್ಣದ ಅಂಗಿಯವರು ಗೋಲು ಹೊಡೆದಾಗ ಮಾತ್ರ ಎದೆಯೆತ್ತಿ ಮನೆಗೆ ಬರುತ್ತಿದ್ದರಂತೆ. ಆ ದಿನ ಗೆದ್ದರೆ ಇಲಿಶ್ ಮೀನು. ಎದುರಾಳಿ ಮೋಹನ್ ಬಾಗಾನ್ ಗೆದ್ದರೆ ಪಕ್ಕದ ಬೀದಿಯ 'ಘೋಟಿ'ಗಳ ಮನೆಯಲ್ಲಿ ಸೀಗಡಿ. ಪಂದ್ಯದ ಫಲಿತಾಂಶಕ್ಕೆ ತಕ್ಕಂತೆ ಮೀನಿನ ಪೇಟೆಯ ಧಾರಣೆ ಏರುತ್ತಿತ್ತೆಂಬುದು ಆ ನಗರದಲ್ಲಿ ಮನೆಮಾತು.

ಈ ಕಥೆಯಲ್ಲಿ ಕನ್ನಡನಾಡಿಗೂ ಒಂದು ಪಾಲಿದೆ ಎಂಬುದನ್ನು ಓದುಗರಲ್ಲಿ ಅನೇಕರು ಅರಿತಿರಲಾರರು. ಸುಮಾರು 1949ರಿಂದ 1953ರವರೆಗೆ ಈಸ್ಟ್ ಬೆಂಗಾಲಿನ ಮುನ್ಪಡೆಯಲ್ಲಿ ಆಡಿದ ಐವರನ್ನು ಜನರು 'ಪಂಚಪಾಂಡವರು' ಎಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ದಕ್ಷಿಣದಿಂದ ಹೋದ ಈ ಆಟಗಾರರ ಕಾಲದಲ್ಲಿ ತಂಡ 1949, 1950 ಮತ್ತು 1951ರಲ್ಲಿ ಸತತವಾಗಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತಕ್ಕಾಗಿ ಆಡಿದ ಅವರು 2017ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಊರು ಕಳೆದುಕೊಂಡವರ ಮಾನವನ್ನು ಊರಿನವರೇ ಅಲ್ಲದ ಐವರು ಎತ್ತಿಹಿಡಿದರು. ಅಂಗಿ ತೊಟ್ಟವನು ಯಾವ ಸೀಮೆಯವನೆಂದು ಆ ನಿರಾಶ್ರಿತರು ಕೇಳಲಿಲ್ಲ.

ಆಮೇಲಿನ ವೈಭವವನ್ನು ವಿಸ್ತರಿಸುವುದು ಬೇಡ. 1970ರಿಂದ 1975ರವರೆಗೆ ಸತತ ಆರು ಬಾರಿ ಕಲ್ಕತ್ತಾ ಲೀಗ್. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1 ಲಕ್ಷ 31 ಸಾವಿರ ಪ್ರೇಕ್ಷಕರ ಎದುರು ಮೋಹನ್ ಬಾಗಾನಿನ ಮೇಲೆ 4-1ರ ಜಯ. ಮೂರು ಬಾರಿ ರಾಷ್ಟ್ರೀಯ ಲೀಗ್. 2003ರಲ್ಲಿ ಜಕಾರ್ತಾದಲ್ಲಿ ಆಸಿಯಾನ್ ಕ್ಲಬ್ ಪ್ರಶಸ್ತಿ. ಇಷ್ಟು ಸಾಕು. ಎತ್ತರ ಎಷ್ಟಿತ್ತೆಂದು ತಿಳಿಯದೆ ಬಿದ್ದವರ ನೋವು ತಿಳಿಯದು.

2007ರಲ್ಲಿ ರಾಷ್ಟ್ರೀಯ ಲೀಗ್ ಹೋಗಿ ಐ-ಲೀಗ್ ಬಂತು. ಆಡಿದ ವರ್ಷಗಳಲ್ಲಿ ಒಮ್ಮೆಯೂ ಈಸ್ಟ್ ಬೆಂಗಾಲ್ ಅದನ್ನು ಗೆಲ್ಲಲಿಲ್ಲ. 2018-19ರಲ್ಲಿ ಕೊನೆಯ ದಿನದ ಪಂದ್ಯವನ್ನು ಗೆದ್ದರೂ ಚೆನ್ನೈ ಸಿಟಿ ತಂಡಕ್ಕಿಂತ ಒಂದೇ ಒಂದು ಅಂಕ ಹಿಂದೆ ಉಳಿಯಿತು. "ಅಂದು ರಾತ್ರಿ ಊಟ ಮಾಡಲಿಲ್ಲ, ಆದರೆ ಅಂದು ನಾಚಿಕೆಯಾಗಲಿಲ್ಲ" ಎನ್ನುತ್ತಾರೆ ನಮ್ಮ ಹಿರಿಯರು. ನಾಚಿಕೆಯ ದಿನಗಳು ತರುವಾಯ ಬಂದವು. 2020ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗನ್ನು ಸೇರಿತು. ಮೊದಲ ಋತುವಿನಲ್ಲಿ ಹನ್ನೊಂದು ತಂಡಗಳಲ್ಲಿ ಒಂಬತ್ತನೆಯದು. ಎರಡನೆಯದರಲ್ಲಿ ಕಟ್ಟಕಡೆಯದು: ಇಪ್ಪತ್ತು ಪಂದ್ಯಗಳಲ್ಲಿ ಒಂದೇ ಗೆಲುವು. ಅನಂತರದ ಮೂರು ಋತುಗಳಲ್ಲಿಯೂ ಮತ್ತೆ ಒಂಬತ್ತು, ಒಂಬತ್ತು, ಒಂಬತ್ತು. 2024ರಲ್ಲಿ ಹೊಸ ಋತುವಿನ ಮೊದಲ ಆರು ಪಂದ್ಯಗಳನ್ನೂ ಸಾಲಾಗಿ ಸೋತದ್ದುಂಟು. ಇದೇ ಐದು ಋತುಗಳಲ್ಲಿ ಮೋಹನ್ ಬಾಗಾನ್ ಎದುರು ಲೀಗಿನಲ್ಲಿ ಹತ್ತು ಬಾರಿ ಆಡಿ ಒಂಬತ್ತರಲ್ಲಿ ಸೋಲು, ಒಂದರಲ್ಲಿ ಸಮ. ಪಕ್ಕದ ಬೀದಿಯಲ್ಲಿ ಪ್ರಶಸ್ತಿಗಳ ಮೆರವಣಿಗೆ, ತಮ್ಮ ಬೀದಿಯಲ್ಲಿ ಮೌನ.

ಹೀಗೇಕಾಯಿತೆಂದು ಕೇಳಿದರೆ ಹಿರಿಯರು ಆಟಗಾರರನ್ನು ಹೆಚ್ಚು ದೂರುವುದಿಲ್ಲ. ಅವರ ಕೋಪವೆಲ್ಲ ಮೇಜಿನ ಸುತ್ತ ಕುಳಿತವರ ಮೇಲೆ. ಬೆಂಗಳೂರಿನದೇ ಆದ ಕ್ವೆಸ್ ಸಂಸ್ಥೆ 2018ರಲ್ಲಿ ಬಂಡವಾಳ ಹೂಡಿ 2020ರಲ್ಲಿ ಹಿಂದೆ ಸರಿಯಿತು. ಶ್ರೀ ಸಿಮೆಂಟ್ ಸಂಸ್ಥೆ ಬಂದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ಲೀಗು ಮೊದಲಾದದ್ದು ನವೆಂಬರಿನಲ್ಲಿ. ಎರಡು ತಿಂಗಳಲ್ಲಿ ತಂಡ ಕಟ್ಟಿ, ಲಿವರ್‌ಪೂಲಿನ ಹಳೆಯ ಹುಲಿ ರಾಬಿ ಫೌಲರ್ ಅವರನ್ನು ತರಬೇತಿಗೆ ಕರೆತಂದದ್ದಾಯಿತು. ಮರುವರ್ಷ ಅಂತಿಮ ಒಪ್ಪಂದಕ್ಕೆ ಸಹಿ ಹಾಕಿರೆಂದು ಹೂಡಿಕೆದಾರರು, ಮೊದಲು ಒಪ್ಪಿದ್ದೇ ಬೇರೆ ಎಂದು ಕ್ಲಬ್ಬಿನ ಪದಾಧಿಕಾರಿಗಳು. ಈ ಜಗ್ಗಾಟ ಮುಗಿಯಲು ಆಗಸ್ಟ್ ಕೊನೆಯಾಯಿತು, ಅದೂ ಮುಖ್ಯಮಂತ್ರಿಗಳೇ ನಡುವೆ ಬಂದ ಮೇಲೆ. 2022ರಲ್ಲಿ ಮತ್ತೊಂದು ಸಂಸ್ಥೆ, ಇಮಾಮಿ, ಮತ್ತೆ ಆಗಸ್ಟಿನಲ್ಲಿಯೇ ಸಹಿ. ಇತರರು ಬಿತ್ತಿ ಕಳೆ ಕೀಳುವ ಹೊತ್ತಿಗೆ ಇವರು ಬೀಜ ಹುಡುಕಲು ಹೊರಟಿದ್ದರು. ಫಸಲು ಬರಲಿಲ್ಲವೆಂದರೆ ಮಳೆಯನ್ನು ದೂರಿ ಫಲವೇನು?

ಇಷ್ಟು ಕೇಳಿದ ಮೇಲೆ ನಾವು, ಸಮಾಧಾನ ಹೇಳುವವರ ಸಹಜ ಮೂರ್ಖತನದಿಂದ, "ಹಾಗಾದರೆ ಬಿಟ್ಟುಬಿಡಿ. ನೋಡಿ ಸಂಕಟಪಡುವುದೇಕೆ?" ಎಂದೆವು. ಅವರು ನಮ್ಮನ್ನು ದಿಟ್ಟಿಸಿ, "ಬಿಡುವುದಕ್ಕೆ ಅದು ನಾನು ಹಿಡಿದದ್ದಲ್ಲ, ಫಾದರ್" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟಿಸಿದ ಗ್ರಂಥವೊಂದು ಇದೇ ಗಂಟನ್ನು ಬಿಡಿಸಲು ಯತ್ನಿಸುತ್ತದೆ. ಸಂಸ್ಥೆಯೊಂದು ಕೆಡುತ್ತಿರುವಾಗ ಅದರವರಿಗೆ ಎರಡು ದಾರಿಗಳು: ಹೊರನಡೆಯುವುದು, ಇಲ್ಲವೇ ದನಿಯೆತ್ತುವುದು. ಅಕ್ಕಿ ಚೆನ್ನಾಗಿಲ್ಲದಿದ್ದರೆ ಅಂಗಡಿ ಬದಲಿಸುತ್ತೇವೆ. ಅಂಗಡಿಯವನಿಗೆ ಬುದ್ಧಿ ಬರುತ್ತದೆ. ಆದರೆ ನಿಷ್ಠೆಯುಳ್ಳವನು ಅಂಗಡಿ ಬದಲಿಸಲಾರ. ಅವನಿಗೆ ಉಳಿದದ್ದು ದನಿ ಮಾತ್ರ. ಅಭಿಮಾನಿಯ ಗೊಣಗಾಟವನ್ನು ಚಪಲವೆಂದು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು. ನಮ್ಮ ಅನುಭವವೂ ಇದೇ: ಗಾಯನ ವೃಂದದ ಶ್ರುತಿ ಸರಿಯಿಲ್ಲವೆಂದು ನಮ್ಮ ಬಳಿ ದೂರು ತರುವವರು ಒಂದು ಭಾನುವಾರವನ್ನೂ ತಪ್ಪಿಸದವರು. ಬಾರದೇ ಇರುವವರು ದೂರುವುದಿಲ್ಲ.

ತೊಂದರೆಯಿರುವುದು, ಅಭಿಮಾನಿ ಬಿಟ್ಟುಹೋಗಲಾರನೆಂಬುದು ಮೇಜಿನ ಸುತ್ತ ಕುಳಿತವರಿಗೂ ಗೊತ್ತು ಎಂಬುದರಲ್ಲಿ. ಇಂಗ್ಲೆಂಡಿನಂತಹ ದೇಶಗಳಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಆ ಭಯ ಆಡಳಿತವನ್ನು ಎಚ್ಚರದಲ್ಲಿಡುತ್ತದೆ. ನಾವು ಹೇಳುತ್ತಿರುವ ಐದು ಋತುಗಳಲ್ಲಿ ನಮ್ಮ ಸೂಪರ್ ಲೀಗಿನಲ್ಲಿ ಆ ಶಿಕ್ಷೆ ಇರಲಿಲ್ಲ. ಕೊನೆಯವನಾದರೂ ಮರುವರ್ಷ ಅದೇ ಪಂಕ್ತಿಯಲ್ಲಿ ಎಲೆ. ಅತ್ತ ನಿಯಮದ ಭಯವಿಲ್ಲ, ಇತ್ತ ಗಿರಾಕಿ ಹೋಗುವ ಭಯವಿಲ್ಲ. ಪರರ ನಿಷ್ಠೆಯನ್ನು ಹೀಗೆ ಬಿಟ್ಟಿ ದುಡಿಮೆಯಂತೆ ಬಳಸಿಕೊಳ್ಳುವುದು ಅನ್ಯಾಯವೆಂದೇ ನಮ್ಮ ತೀರ್ಮಾನ. 2021ರ ಜುಲೈ 21ರಂದು, ಒಪ್ಪಂದದ ಜಗ್ಗಾಟದಿಂದ ರೋಸಿಹೋದ ಅಭಿಮಾನಿಗಳು ಕ್ಲಬ್ಬಿನ ಬಾಗಿಲಿಗೇ ಬಂದು ಪ್ರತಿಭಟಿಸಿದಾಗ ಅವರಿಗೆ ದೊರೆತದ್ದು ಪೊಲೀಸರ ಲಾಠಿಯೇಟು. ದನಿಯೊಂದೇ ಉಳಿದವನ ದನಿಗೂ ಅದು ಉತ್ತರ.

ಹಾಗೆಂದು ನಿಷ್ಠೆಯನ್ನೆಲ್ಲ ನಾವು ಕಣ್ಣುಮುಚ್ಚಿ ಹೊಗಳಲಾರೆವು. 1975ರ ಸೆಪ್ಟೆಂಬರ್ 30ರಂದು ಶೀಲ್ಡಿನ ಅಂತಿಮ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ 5-0ರಿಂದ ಮೋಹನ್ ಬಾಗಾನನ್ನು ಮಣಿಸಿತು. ಆ ನಾಚಿಕೆಯನ್ನು ಸಹಿಸಲಾರದೆ ಮೋಹನ್ ಬಾಗಾನಿನ ಯುವ ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ತಂಡಗಳ ಪಂದ್ಯದ ನಡುವೆ ಗಲಭೆಯೆದ್ದು, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಸತ್ತರು. ಆಟ ನೋಡಲು ಹೋದ ಹದಿನಾರು ಮನೆಗಳ ಮಕ್ಕಳು. ನಮ್ಮ ಹಿರಿಯರಿಗೆ ಈ ಮಾತು ಬಂದಾಗಲೆಲ್ಲ ಗಂಟಲು ಕಟ್ಟುತ್ತದೆ. ಅಂದು ಅವರೂ ಹೋಗಬೇಕಿತ್ತು. ಮನೆಯಲ್ಲಿ ತಾಯಿಗೆ ಜ್ವರವಿತ್ತು.

ನಿಷ್ಠೆಯ ಈ ಎರಡು ಮುಖಗಳನ್ನು ಬೇರ್ಪಡಿಸುವುದು ಹೇಗೆ? ಅಮೆರಿಕದ ದಾರ್ಶನಿಕ ಜೋಸಾಯ ರಾಯ್ಸ್ 1908ರಲ್ಲಿ ನಿಷ್ಠೆಯ ತತ್ತ್ವವನ್ನು ಕುರಿತೇ ಒಂದು ಗ್ರಂಥ ಬರೆದರು. ಸೋತುಹೋದ ಧ್ಯೇಯಗಳಿಗೆ ಅಂಟಿಕೊಂಡವರ ಬಗ್ಗೆ ಅವರಿಗೆ ವಿಶೇಷ ಗೌರವವಿತ್ತು. ಆದರೆ ಅವರು ಒಂದು ಒರೆಗಲ್ಲನ್ನೂ ಕೊಟ್ಟರು: ನನ್ನ ನಿಷ್ಠೆ ಎದುರಿನವನ ನಿಷ್ಠೆಯನ್ನೂ ಬೆಳೆಸಬೇಕು, ಅದನ್ನು ತುಳಿಯುವಂತಿದ್ದರೆ ಅದು ಕೆಟ್ಟ ನಿಷ್ಠೆ. ಗುರುಮಠದಲ್ಲಿ ಇದನ್ನು ಓದಿದಾಗ ಬರಿಯ ಪುಸ್ತಕದ ಮಾತೆನಿಸಿತ್ತು.

2024ರ ಆಗಸ್ಟ್ 18ರಂದು ಅದಕ್ಕೆ ಜೀವ ಬಂದುದನ್ನು ಕಂಡೆವು. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದ ಮೇಲಿದ್ದ ಯುವವೈದ್ಯೆಯ ಅತ್ಯಾಚಾರ ಮತ್ತು ಕೊಲೆ ನಡೆದು ಕೆಲವೇ ದಿನಗಳಾಗಿದ್ದವು. ಅಂದು ನಡೆಯಬೇಕಿದ್ದ ಈಸ್ಟ್ ಬೆಂಗಾಲ್ - ಮೋಹನ್ ಬಾಗಾನ್ ಪಂದ್ಯವನ್ನು ಭದ್ರತೆಯ ಕಾರಣ ನೀಡಿ ರದ್ದುಗೊಳಿಸಲಾಯಿತು. ಪಂದ್ಯವಿಲ್ಲದಿದ್ದರೂ ಅಭಿಮಾನಿಗಳು ಬಂದರು. ಕೆಂಪು-ಹೊಂಬಣ್ಣದವರೂ ಹಸಿರು-ಕಂದುಗೆಂಪಿನವರೂ, ಮೊಹಮ್ಮಡನ್ ತಂಡದ ಕಪ್ಪು-ಬಿಳುಪಿನವರೂ ಕೂಡಿ, ಸಾಲ್ಟ್ ಲೇಕಿನ ಹೊರಗೆ ಹೆಗಲಿಗೆ ಹೆಗಲು ಕೊಟ್ಟು ನಿಂತು ಆ ಹೆಣ್ಣುಮಗಳಿಗೆ ನ್ಯಾಯ ಕೇಳಿದರು. ಮತ್ತೆ ಲಾಠಿ ಬೀಸಿತು; ಈ ಸಲ ಎಲ್ಲ ಬಣ್ಣಗಳ ಮೇಲೂ. ಒಂದು ತಂಡದವನನ್ನು ಇನ್ನೊಂದು ತಂಡದವನು ಹೆಗಲ ಮೇಲೆ ಹೊತ್ತ ಚಿತ್ರ ಪತ್ರಿಕೆಗಳಲ್ಲಿ ಬಂತು. ಹಿರಿಯರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಅದೇ ವರ್ಷದ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಸೋಲಿಸಿ, ಹನ್ನೆರಡು ವರ್ಷಗಳ ಬಳಿಕ ರಾಷ್ಟ್ರಮಟ್ಟದ ಪ್ರಶಸ್ತಿಯಾಗಿ ಸೂಪರ್ ಕಪ್ ಗೆದ್ದ ದಿನದ ಚಿತ್ರವೂ ಅವರಲ್ಲಿದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಇಟ್ಟಿದ್ದಾರೆ.

2025ರ ಆಗಸ್ಟ್ 17ರ ರಾತ್ರಿ ಅವರ ದೂರವಾಣಿ ಕರೆ ಬಂತು. ಡ್ಯುರಾಂಡ್ ಕಪ್ಪಿನಲ್ಲಿ ಮೋಹನ್ ಬಾಗಾನನ್ನು 2-1ರಿಂದ ಸೋಲಿಸಿದ್ದರು. "ಗೆದ್ದೆವು ಫಾದರ್, ನಾಳೆ ನಮ್ಮಲ್ಲಿ ಊಟ" ಎಂದರು. ಇಲಿಶ್ ನಮ್ಮೂರಿನಲ್ಲಿ ಸಿಗದು. ಬಂಗುಡೆಯಲ್ಲಿಯೇ ಸಂಭ್ರಮ ನೆರವೇರಿತು. ಮೂರು ದಿನ ಕಳೆದು, ಸೆಮಿಫೈನಲಿನಲ್ಲಿ, ಅದುವರೆಗೆ ನಾವು ಹೆಸರನ್ನೇ ಕೇಳಿರದ ಡೈಮಂಡ್ ಹಾರ್ಬರ್ ಎಂಬ ತಂಡದೆದುರು ಅದೇ 1-2ರಿಂದ ಸೋತರು. ಅಂದು ಕರೆ ಬರಲಿಲ್ಲ. ಮರುದಿನ ಸಂಜೆ ಎಂದಿನ ಹೊತ್ತಿಗೆ ಬಂದು ಕುಳಿತವರು, ಚಹಾ ಮುಟ್ಟದೆ, ಹಿಂಗಾವಲಿನವರು ಎಲ್ಲಿ ತಪ್ಪಿದರೆಂದು ನಮ್ಮ ಮೇಜಿನ ಮೇಲಿದ್ದ ಪಂಚಾಂಗ, ಮಸಿಕುಡಿಕೆ, ಕನ್ನಡಕದ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ ವಿವರಿಸತೊಡಗಿದರು.