ಎಲ್ಲ ಬಾಗಿಲೂ ತೆರೆದಿಟ್ಟ ರಾತ್ರಿ

ಗುರುವಾರ ರಾತ್ರಿ ಹನ್ನೊಂದೂವರೆ. ಸೋಮವಾರ ಮಿನಿ ಪ್ರಾಜೆಕ್ಟ್ ಡೆಮೊ. ಲ್ಯಾಪ್‌ಟಾಪ್ ಪರದೆಯ ಮೇಲೆ ಕೆಂಪು ಗುರುತು, ಅದರ ಪಕ್ಕದಲ್ಲಿ ಎರಡೇ ಪದ: ‘ಪರ್ಮಿಷನ್ ಡಿನೈಡ್’. ಅಂದರೆ ಅನುಮತಿ ಇಲ್ಲ. ನಾವೇ ಬಾಡಿಗೆ ಕಟ್ಟಿದ ಸರ್ವರ್, ನಾವೇ ಬರೆದ ಕೋಡ್. ನಮಗೇ ಅನುಮತಿ ಇಲ್ಲವೆಂದರೆ ಸಿಟ್ಟು ಬಾರದೇ ಇರುತ್ತದೆಯೇ?

ಬಿ.ಇ. ಆರನೇ ಸೆಮಿಸ್ಟರ್‌ನ ನಾವು ನಾಲ್ವರು ಸೇರಿ, ಹಳೆಯ ಪಠ್ಯಪುಸ್ತಕಗಳನ್ನು ಜೂನಿಯರ್‌ಗಳಿಗೆ ದಾಟಿಸುವ ಪುಟ್ಟ ವೆಬ್ ಆ್ಯಪ್ ಮಾಡಿದ್ದೆವು. ಎಪ್ಪತ್ತು ಎಂಬತ್ತು ಜೂನಿಯರ್‌ಗಳು ಆಗಲೇ ಹೆಸರು, ಮೊಬೈಲ್ ನಂಬರ್ ಕೊಟ್ಟು ಸೇರಿಕೊಂಡಿದ್ದರು. ಖರ್ಚು ಉಳಿಸಲು ಅದೇ ಸರ್ವರ್‌ನಲ್ಲಿ ಇನ್ನೊಬ್ಬ ಸಹಪಾಠಿಯೂ ತನ್ನದೇ ಖಾತೆ ತೆರೆದು ಬೇರೊಂದು ಸೈಟ್ ಇಟ್ಟುಕೊಂಡಿದ್ದ.

ಮೊದಲೆಲ್ಲ ಕೋಡ್ ಬದಲಾದಾಗ ಸರ್ವರ್‌ಗೆ ಲಾಗಿನ್ ಆಗಿ ಕೈಯಾರೆ ಫೈಲ್ ಹಾಕುತ್ತಿದ್ದೆ. ಡೆಮೊಗೆ ಸ್ವಲ್ಪ ಗತ್ತು ಇರಲಿ ಎಂದು ಆಟೊಮ್ಯಾಟಿಕ್ ಡಿಪ್ಲಾಯ್‌ಮೆಂಟ್ ಜೋಡಿಸಿದೆ. ಗಿಟ್‌ಹಬ್‌ಗೆ ಕೋಡ್ ಕಳಿಸಿದರೆ ಸಾಕು, ‘ಗಿಟ್‌ಹಬ್ ಆ್ಯಕ್ಷನ್ಸ್’ ಒಂದು ರಹಸ್ಯ ಕೀಲಿ ಹಿಡಿದು ನಮ್ಮ ಸರ್ವರ್‌ಗೆ ಹೋಗಿ, ಹೊಸ ಫೈಲುಗಳನ್ನು ಇಟ್ಟು, ಆ್ಯಪ್ ಅನ್ನು ಮರುಚಾಲನೆ ಮಾಡಬೇಕು. ಕೀಲಿ ಕೆಲಸ ಮಾಡಿತು. ಆದರೆ ಫೈಲ್ ಬರೆಯುವ ಹೊತ್ತಿಗೆ ತಡೆ ಬಿತ್ತು. ಪುಸ್ತಕಗಳ ಫೋಟೊ ಕಾಣಬೇಕಾದಲ್ಲಿ ‘403’ ಎಂಬ ತೊಂದರೆ ಬೇರೆ ಮೊದಲಿನಿಂದಲೂ ಇತ್ತು.

ಆಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸೂಡೋ ಹಾಕಿ, ಹೋಮ್ ಫೋಲ್ಡರ್‌ಗೆ ಇಡಿಯಾಗಿ ‘ಸಿಎಚ್‌ಮಾಡ್ 777’ ಕೊಟ್ಟೆ. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಮೂರು ಬಗೆಯ ಜನರಿರುತ್ತಾರೆ: ಒಡೆಯ, ಅವನ ಗುಂಪು, ಉಳಿದವರು. ಓದಲು 4, ಬರೆಯಲು 2, ಚಲಾಯಿಸಲು 1. ಕೂಡಿದರೆ 7. ಮೂವರಿಗೂ 7 ಎಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳಿ ಎಂದರ್ಥ.

ಮತ್ತೆ ಡಿಪ್ಲಾಯ್ ಒತ್ತಿದೆ. ಈ ಸಲ ಬಾಗಿಲಲ್ಲೇ ತಡೆ! ಅದುವರೆಗೆ ಒಳಗೆ ಬಿಡುತ್ತಿದ್ದ ಕೀಲಿಯನ್ನೇ ಸರ್ವರ್ ಒಪ್ಪಲಿಲ್ಲ. ನನ್ನ ಲ್ಯಾಪ್‌ಟಾಪಿನಿಂದಲೂ ಹೊಸದಾಗಿ ಲಾಗಿನ್ ಆಗಲಿಲ್ಲ. ಎಲ್ಲ ಬಾಗಿಲೂ ತೆರೆದ ಮೇಲೆ ನಾನೇ ಹೊರಗೆ ನಿಂತಿದ್ದೆ.

ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್‌ನಲ್ಲಿ ದೊಡ್ಡಮ್ಮನ ಮಗಳು ಸಿಕ್ಕಳು. ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗುವ ಸಾವಿರಾರು ಜನರಲ್ಲಿ ಅವಳೂ ಒಬ್ಬಳು. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವುದೇ ಅವಳ ಕೆಲಸ. ಟೇಕಲ್ ಬರುವಷ್ಟರಲ್ಲಿ ಕಥೆಯೆಲ್ಲ ಹೇಳಿದೆ. ಅವಳು ನಕ್ಕಳು.

“ಕೀಲಿ ಪಟ್ಟಿ ಇರೋದು ಎಲ್ಲಿ? ನಿನ್ನ ಹೋಮ್ ಫೋಲ್ಡರ್ ಒಳಗೇ ಅಲ್ವಾ? ಅದನ್ನೂ 777 ಮಾಡಿದೀಯ. ಯಾರು ಬೇಕಾದ್ರೂ ಆ ಪಟ್ಟಿಗೆ ತಮ್ಮ ಕೀಲಿ ಸೇರಿಸಬಹುದು. ಅದಕ್ಕೇ ಸರ್ವರ್ ಆ ಪಟ್ಟಿನ ನಂಬೋದೇ ಬಿಟ್ಟಿದೆ.”

ಬಾಡಿಗೆ ಕೊಟ್ಟವರ ವೆಬ್‌ಸೈಟ್‌ನಲ್ಲಿದ್ದ ಕನ್ಸೋಲ್ ಮೂಲಕ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕೆ. ಸರ್ವರ್‌ನ ಲಾಗ್‌ನಲ್ಲಿ ಅದನ್ನೇ ಬರೆದಿತ್ತು: ಫೋಲ್ಡರ್‌ನ ಒಡೆತನ ಅಥವಾ ಅನುಮತಿ ಸರಿಯಿಲ್ಲ, ಹಾಗಾಗಿ ಪ್ರವೇಶ ನಿರಾಕರಿಸಲಾಗಿದೆ. ರಾತ್ರಿಯಿಡೀ ನಾನು ನೋಡುತ್ತಿದ್ದದ್ದು ಗಿಟ್‌ಹಬ್‌ನ ಲಾಗ್ ಮಾತ್ರ. ಕಾರಣ ಇದ್ದದ್ದು ಇನ್ನೊಂದು ತುದಿಯಲ್ಲಿ.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. “ಡೇಟಾಬೇಸ್ ಪಾಸ್‌ವರ್ಡ್ ಎಲ್ಲಿಟ್ಟಿದೀಯ?” ಎಂದಳು. ಅದೇ ಫೋಲ್ಡರ್‌ನ ‘ಡಾಟ್ ಎನ್ವ್’ ಫೈಲಿನಲ್ಲಿ ಎಂದೆ. “ಆ ಇನ್ನೊಬ್ಬನಿಗೆ ಫೋನ್ ಮಾಡು. ಅವನ ಖಾತೆಯಿಂದ ಅದು ತೆರೆಯುತ್ತಾ ಕೇಳು.”

ಮಾಲೂರು ದಾಟುವಾಗ ಫೋನ್ ಮಾಡಿದೆ. ಅರ್ಧ ನಿಮಿಷದಲ್ಲಿ ಅವನು ನಮ್ಮ ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದ. ನನ್ನ ಹೊಟ್ಟೆಯಲ್ಲಿ ಒಂಥರಾ ಆಯಿತು. ಆ ಪಾಸ್‌ವರ್ಡ್‌ನ ಹಿಂದೆ ಎಪ್ಪತ್ತೆಂಬತ್ತು ಜನರ ಹೆಸರು, ನಂಬರ್ ಇದ್ದವು. ಅವನು ನಂಬಿಕಸ್ಥ ಹುಡುಗ, ನಿಜ. ಆದರೆ ಅವನ ಪ್ರಯೋಗದ ಸೈಟಿಗೆ ಯಾರಾದರೂ ಕನ್ನ ಹಾಕಿದ್ದರೆ ನಮ್ಮ ಮನೆಗೂ ನೇರ ದಾರಿ ಇತ್ತು.

ಅಲ್ಲೇ ಕೂತು ಪಾಸ್‌ವರ್ಡ್ ಬದಲಿಸಿದೆ. ಹೋಮ್ ಫೋಲ್ಡರ್‌ಗೆ 750, ಕೀಲಿ ಫೋಲ್ಡರ್‌ಗೆ 700, ಅದರೊಳಗಿನ ಕೀಲಿ ಪಟ್ಟಿಗೆ 600. ಕೀಲಿ ಮತ್ತೆ ಕೆಲಸ ಮಾಡಿತು. ಉಳಿದದ್ದನ್ನು ಶನಿವಾರ, ಭಾನುವಾರ ಕೂತು ಸರಿಮಾಡಿದೆವು. ‘ಪರ್ಮಿಷನ್ ಡಿನೈಡ್’ ಬಂದಾಗಲೆಲ್ಲ ನಾಲ್ಕು ಪ್ರಶ್ನೆ ಕೇಳಿಕೋ ಎಂದಿದ್ದಳು ಅಕ್ಕ.

ಮೊದಲನೆಯದು, ಕೆಲಸ ಮಾಡುತ್ತಿರುವುದು ಯಾರು? ಡಿಪ್ಲಾಯ್ ಮಾಡುವುದು ‘ಡಿಪ್ಲಾಯ್’ ಎಂಬ ಖಾತೆ. ಆ್ಯಪ್ ಓಡುವುದು, ಫೋಟೊ ಬಡಿಸುವುದು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬೇರೆ ಖಾತೆ. ನಾನು ಲಾಗಿನ್ ಆಗಿ ಮಾಡಿದರೆ ಆಗುವ ಕೆಲಸ ಅವರಿಗೆ ಆಗಬೇಕೆಂದೇನೂ ಇಲ್ಲ.

ಎರಡನೆಯದು, ಫೈಲ್ ಯಾರದ್ದು? ‘ಎಲ್‌ಎಸ್ -ಎಲ್’ ಕೊಟ್ಟು ನೋಡಿದರೆ ಎಲ್ಲದರ ಮುಂದೆ ‘ರೂಟ್’ ಎಂದಿತ್ತು. ಮೊದಲ ದಿನ ಸೂಡೋ ಹಾಕಿ ಫೈಲ್ ಇಟ್ಟವನು ನಾನೇ! ರೂಟ್ ಇಟ್ಟದ್ದನ್ನು ಡಿಪ್ಲಾಯ್ ಖಾತೆ ಅಳಿಸಿ ಬರೆಯುವುದು ಹೇಗೆ? ಮೂಲ ರೋಗ ಇದು. ಮದ್ದು ‘ಸಿಎಚ್‌ಮಾಡ್’ ಅಲ್ಲ, ಒಡೆತನ ಬದಲಿಸುವ ‘ಸಿಎಚ್‌ಓನ್’.

ಮೂರನೆಯದು, ದಾರಿ ತೆರೆದಿದೆಯೇ? ವಠಾರದ ಗೇಟಿಗೆ ಬೀಗ ಹಾಕಿದ್ದರೆ ಒಳಗಿನ ಮನೆಯ ಕೀ ಇದ್ದು ಏನು ಪ್ರಯೋಜನ? ಫೋಲ್ಡರ್‌ಗಳೂ ಹಾಗೆಯೇ, ದಾಟಿ ಹೋಗಲು 1ರ ಅನುಮತಿ ಬೇಕು. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳು 750 ಆಗಿಯೇ ಹುಟ್ಟುತ್ತವೆ, ಹೊರಗಿನವರಿಗೆ ಪ್ರವೇಶವಿಲ್ಲ. 403ರ ಗುಟ್ಟು ಇದೇ. ‘ನೇಮ್‌ಐ -ಎಲ್’ ಎಂಬ ಆಜ್ಞೆ ಕೊಟ್ಟರೆ ದಾರಿಯ ಪ್ರತಿ ಬಾಗಿಲನ್ನೂ ತೋರಿಸುತ್ತದೆ. ಸೈಟನ್ನು ಹೋಮ್‌ನಿಂದ ತೆಗೆದು ‘/ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು’ಗೆ ಸಾಗಿಸಿದೆವು.

ನಾಲ್ಕನೆಯದು, ಎಷ್ಟು ಕೊಟ್ಟರೆ ಸಾಕು? ಫೋಲ್ಡರ್‌ಗಳಿಗೆ 750, ಫೈಲುಗಳಿಗೆ 640. ಒಡೆಯ ಡಿಪ್ಲಾಯ್ ಖಾತೆ, ಗುಂಪು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ, ಉಳಿದವರಿಗೆ ಸೊನ್ನೆ. ಫೋಟೊ ಬಂದು ಬೀಳುವ ಒಂದೇ ಫೋಲ್ಡರ್‌ಗೆ ಮಾತ್ರ ಗುಂಪಿಗೂ ಬರೆಯುವ ಹಕ್ಕು. ಮರುಚಾಲನೆಗೆ ಡಿಪ್ಲಾಯ್ ಖಾತೆಗೆ ಪೂರ್ತಿ ಸೂಡೋ ಕೊಡದೆ ಆ ಒಂದೇ ಆಜ್ಞೆಗೆ ಒಪ್ಪಿಗೆ ಕೊಟ್ಟೆವು. ಭಾನುವಾರ ಸಂಜೆ ಹಸಿರು ಗುರುತು ಬಂತು.

ರಾತ್ರಿ ತಾತನಿಗೆ ಇದನ್ನೆಲ್ಲ ಹೇಳಿದೆ. ಅವರು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಮನೆಯವರೆಲ್ಲ ರೈಲು ಹತ್ತುವಂತಾಯಿತು. ತಾತ ಕೇಳಿ ಹೇಳಿದರು: “ಒಳಗೆ ಇಳಿಯೋರು ಸಾವಿರ ಜನ ಇದ್ರಪ್ಪ. ಆದ್ರೆ ಸಿಡಿಮದ್ದು ಮುಟ್ಟೋದು ಸರ್ಟಿಫಿಕೇಟ್ ಇದ್ದ ಬ್ಲಾಸ್ಟರ್ ಮಾತ್ರ. ನಮ್ಮನ್ನ ನಂಬಲ್ಲ ಅಂತಲ್ಲ. ಏನಾದ್ರೂ ಆದ್ರೆ ಯಾರ ಕೈಯಿಂದ ಆಯ್ತು ಅಂತ ಗೊತ್ತಾಗಬೇಕಲ್ಲ.”

ಆ ಮಾತು ತಲೆಯಲ್ಲಿ ಉಳಿಯಿತು. ಮಲಗುವ ಮೊದಲು ನಾವು ನಾಲ್ವರೂ ಮಾತಾಡಿಕೊಂಡು ಜೂನಿಯರ್‌ಗಳ ವಾಟ್ಸ್‌ಆ್ಯಪ್ ಗುಂಪಿಗೆ ನಿಜ ಬರೆದೆವು: ಒಂದು ರಾತ್ರಿ ನಿಮ್ಮ ಮಾಹಿತಿ ಸರಿಯಾದ ರಕ್ಷಣೆಯಲ್ಲಿ ಇರಲಿಲ್ಲ, ತಪ್ಪು ನಮ್ಮದು, ಪಾಸ್‌ವರ್ಡ್ ಬದಲಿಸಿದ್ದೇವೆ. ಹೆಚ್ಚಿನವರು ಹೆಬ್ಬೆರಳು ತೋರಿಸಿದರು. ಒಬ್ಬಳು ಮಾತ್ರ, “ಹೇಳಿದ್ದಕ್ಕೆ ಥ್ಯಾಂಕ್ಸ್ ಅಣ್ಣ. ನನ್ನ ನಂಬರ್ ತೆಗೆದುಬಿಡಿ” ಎಂದಳು. ತೆಗೆದೆವು. ಬೇಜಾರಾಯಿತು, ಆದರೆ ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಸೋಮವಾರ ಡೆಮೊದಲ್ಲಿ ಗೈಡ್, “ಅತಿ ಕಷ್ಟ ಆಗಿದ್ದು ಯಾವುದು?” ಎಂದು ಕೇಳಿದರು. ಡೇಟಾಬೇಸ್ ವಿನ್ಯಾಸದ ಬಗ್ಗೆ ಚೆಂದದ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ಅದನ್ನು ಬಿಟ್ಟು ಇದನ್ನೇ ಹೇಳಿದೆ. ಅವರು ಕೇಳಿದ ಮುಂದಿನ ಐದೂ ಪ್ರಶ್ನೆ ಇದರ ಮೇಲೆಯೇ ಇದ್ದವು, ಐದಕ್ಕೂ ಉತ್ತರ ಗೊತ್ತಿತ್ತು. ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವ ಗೆಳೆಯರೇ, ನೀವೂ ಒಂದು ಪುಟ್ಟ ಸರ್ವರ್‌ನಲ್ಲಿ ಇದನ್ನು ಮಾಡಿ ನೋಡಿ. ತಡೆ ಬಂದಾಗ 777 ಒತ್ತುವ ಮೊದಲು ಆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಅಂದು ಸಂಜೆ ಬಂಗಾರಪೇಟೆಯಲ್ಲಿ ಇಳಿದು ಅಕ್ಕನಿಗೆ ಪಾನಿಪುರಿ ಕೊಡಿಸಿದೆ. ನಮ್ಮೂರಿನ ಪಾನಿ ನೋಡಲು ಬರೀ ನೀರಿನಂತೆ ತಿಳಿಯಾಗಿರುತ್ತದೆ, ಖಾರ ಮಾತ್ರ ನೆತ್ತಿಗೇರುತ್ತದೆ. ಕಣ್ಣಲ್ಲಿ ನೀರು ಒರೆಸಿಕೊಳ್ಳುತ್ತಾ ಅವಳು ಕೇಳಿದಳು, “ಆ ಇನ್ನೊಬ್ಬನ ಸೈಟ್ ಎಷ್ಟರಲ್ಲಿದೆ, ನೋಡಿದ್ಯಾ?”

ಫೋನ್ ಮಾಡಿ ಕೇಳಿದೆ. ಅವನದ್ದೂ 777.