ಪರಮಾದೇಶ: ಯಾವಾಗ ಉಂಟು, ಯಾವಾಗ ಇಲ್ಲ?

ಆರೋಗ್ಯಕ್ಕೆ ಮೊದಲ ಆಸರೆ ಶುದ್ಧವಾದ ನೀರು. ಅದನ್ನು ಒದಗಿಸಬೇಕಾದ ನಗರಪಾಲಿಕೆಯೇ ನಿರಾಕರಿಸಿದರೆ ನಾಗರಿಕನಿಗೆ ಗತಿಯೇನು? ಸಂವಿಧಾನದ 226ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯವು ಹೊರಡಿಸುವ ‘ಮ್ಯಾಂಡಮಸ್’ ಅಥವಾ ಪರಮಾದೇಶವೆಂಬ ರಿಟ್ ಇಂತಹ ಸಂದರ್ಭಕ್ಕಾಗಿಯೇ ಇದೆ. ಕಾನೂನು ವಿಧಿಸಿದ ಕರ್ತವ್ಯವನ್ನು ನೆರವೇರಿಸು ಎಂಬುದೇ ಅದರ ತಾತ್ಪರ್ಯ.

ಆದರೆ ಇದು ಬೇಡಿದವರಿಗೆಲ್ಲ ದೊರೆಯುವ ವರವಲ್ಲ. ಅರ್ಜಿದಾರನಿಗೆ ಕಾನೂನುಸಮ್ಮತವಾದ ಹಕ್ಕೂ ಅಧಿಕಾರಿಗೆ ತತ್ಸಂಬಂಧವಾದ ಕರ್ತವ್ಯವೂ ಇರಬೇಕು. ಸಾಮಾನ್ಯವಾಗಿ ಮೊದಲು ಬೇಡಿಕೆ ಸಲ್ಲಿಸಿರಬೇಕು, ಅದು ನಿರಾಕೃತವಾಗಿರಬೇಕು. ಬೇರೆ ಸಮರ್ಪಕ ಪರಿಹಾರವಿದ್ದಲ್ಲಿ, ಅಕಾರಣ ವಿಳಂಬವಾಗಿದ್ದಲ್ಲಿ, ವಿಷಯವು ಅಧಿಕಾರಿಯ ವಿವೇಚನೆಗೆ ಸೇರಿದ್ದಾದಲ್ಲಿ ನ್ಯಾಯಾಲಯವು ಬಹುಮಟ್ಟಿಗೆ ಕೈಹಾಕದು.

ಮುಂಬಯಿಯ ಪಾಣಿ ಹಕ್ಕ ಸಮಿತಿಯ ಮೊಕದ್ದಮೆಯು ಈ ಎರಡು ಮುಖಗಳನ್ನೂ ತೋರಿಸುತ್ತದೆ. 2000ದ ಜನವರಿ 1ರ ತರುವಾಯ ಎದ್ದ ಅನಧಿಕೃತ ಜೋಪಡಿಗಳಿಗೆ ನಗರಪಾಲಿಕೆಯು ನೀರು ಕೊಡುತ್ತಿರಲಿಲ್ಲ. ನೀರು 21ನೆಯ ಅನುಚ್ಛೇದವು ನೀಡಿರುವ ಜೀವಿಸುವ ಹಕ್ಕಿನ ಅಂಗವೆಂದೂ, ಮನೆ ಅಕ್ರಮವೆಂಬ ಕಾರಣಕ್ಕೆ ಅದನ್ನು ಸಂಪೂರ್ಣ ನಿರಾಕರಿಸಲಾಗದೆಂದೂ 2014ರ ಡಿಸೆಂಬರ್ 15ರಂದು ಮುಂಬಯಿ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. ಇದಕ್ಕಾಗಿ ನೀತಿಯೊಂದನ್ನು ರೂಪಿಸುವಂತೆ ಪಾಲಿಕೆಗೆ ಆದೇಶಿಸಿತು. ಆದರೆ ಸಕ್ರಮ ಕಟ್ಟಡಗಳ ನಿವಾಸಿಗಳಿಗೆ ಸರಿಸಮವಾದ ಹಕ್ಕನ್ನು ಮನ್ನಿಸಲಿಲ್ಲ. ಮನೆಮನೆಗೆ ನಳ ಬೇಕಿಲ್ಲ, ಸಾರ್ವಜನಿಕ ನಳವಾದರೂ ಆದೀತು, ದರವೂ ಹೆಚ್ಚಿರಬಹುದು ಎಂದಿತು. ಜೋಪಡಿಗಳು ಇದರಿಂದ ಸಕ್ರಮವಾಗಲೂ ಇಲ್ಲ. ಅಂದರೆ, ಕರ್ತವ್ಯವನ್ನು ಮಾಡಿಸುವುದು ನ್ಯಾಯಾಲಯ; ಮಾಡುವ ಬಗೆಯನ್ನು ಆರಿಸುವುದು ಆಡಳಿತ.

ಆದುದರಿಂದ ಅಹವಾಲುಳ್ಳವರು ಮೊದಲು ವಾರ್ಡ್ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿಯ ಮೊಹರುಳ್ಳ ಪ್ರತಿಯನ್ನು ಕಾಯ್ದಿಡುವುದು ಲೇಸು. ಮುಂದೆ ರಿಟ್ ಅರ್ಜಿ ಹಾಕಬೇಕಾಗಿ ಬಂದರೆ, ಬೇಡಿಕೆ ಸಲ್ಲಿಸಿದ್ದಕ್ಕೆ ಅದೇ ಆಧಾರ.